ಗಾಲಿಯ ಆಟ, ನಟ್ಟಿನ ಆಟೆ

ಯೆಣೆಗೂರಿನ ಢಾಬಾದ ಮುಂದೆ ಅವ್ವ ಗಾಡಿಯಿಂದ ಇಳಿದಳು. ಮತ್ತೆ ಹತ್ತಲಿಲ್ಲ.

ಉಮರ್ಗಾ ದಾಟಿದಾಗಿನಿಂದ ಹಿಂದಿನ ಎಡಗಾಲಿ ಟಕ್ ಟಕ್ ಅನ್ನುತ್ತಿತ್ತು. ಅವ್ವ ಕೂತಿದ್ದದ್ದು ಸರಿಯಾಗಿ ಆ ಗಾಲಿಯ ಮೇಲೆ.

“ಕೆಳಗ ಏನೋ ಬಡದಂಗ ಆಗ್ಲಕತ್ತದ ನೋಡಪಾ,” ಅಂದಳು.

ಟೈರಿನಲ್ಲಿ ಕಲ್ಲು ಸಿಕ್ಕಿರಬೇಕು ಅಂದೆ. ಸ್ವಲ್ಪ ದೂರ ಹೋದ ಮೇಲೆ ಗಾಡಿ ಬಾಲ ಅಲ್ಲಾಡಿಸತೊಡಗಿತು. ಢಾಬಾದ ಮುಂದೆ ನಿಲ್ಲಿಸಿ ಇಳಿದು ನೋಡಿದೆ. ನಾಲ್ಕು ನಟ್ಟಿನಲ್ಲಿ ಒಂದು ಇರಲಿಲ್ಲ. ಉಳಿದ ಮೂರು ಬೆರಳಿನಲ್ಲೇ ತಿರುಗುತ್ತಿದ್ದವು. ಎರಡೂ ಕೈಯಿಂದ ಗಾಲಿ ಹಿಡಿದು ಅಲ್ಲಾಡಿಸಿದೆ. ಬೀಳಲಿಕ್ಕೆ ಬಂದ ಹಾಲುಹಲ್ಲಿನ ಹಾಗೆ ಅಲ್ಲಾಡಿತು. ಎರಡು ದಿನದ ಹಿಂದೆ ಪಂಕ್ಚರ್ ತೆಗೆಸಿದ್ದೆ. ಬಿಗಿ ಸರಿಯಾಗಿ ಬಿದ್ದಿರಲಿಲ್ಲ.

ಅವ್ವ ಬಾಗಿಲು ಹಿಡಿದು ನಿಂತು ಎಲ್ಲ ನೋಡಿದಳು.

“ಇದರ ಮ್ಯಾಲ ನಾ ಕುಂತಿದ್ನಾ?”

“ಹೂಂ.”

“ಇನ್ನ ಕುಂಡ್ರಂಗಿಲ್ಲ.”

ಅಷ್ಟೇ. ಬೈಯಲಿಲ್ಲ. ಊರ ಕಡೆ ಹೋಗುವ ಒಂದು ಆಟೋ ನಿಲ್ಲಿಸಿ ಹತ್ತಿ ಹೋದಳು. ಉಳಿದ ಮೂರು ನಟ್ಟು ಬಿಗಿದು ನಾನು ಗಾಡಿಯನ್ನು ಮೆಲ್ಲಗೆ ಮನೆಗೆ ತಂದೆ. ಅವ್ವ ಬೈದರೆ ನನಗೆ ಚಿಂತೆ ಇಲ್ಲ. ಬೈಯದೆ ಹೇಳಿದ ಮಾತನ್ನು ಆಕೆ ವಾಪಸ್ ತೆಗೆದುಕೊಂಡದ್ದು ನಾನು ನೋಡಿಲ್ಲ.

ಚಿಂತೆಗೆ ಕಾರಣ ಇತ್ತು. ನನ್ನ ಅಕ್ಕನನ್ನು ಉದಗೀರದ ಕಾಳಿನ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದೇವೆ. ಆಕೆಗೆ ಎರಡನೇ ಕೂಸು ಹುಟ್ಟಿತ್ತು. ಮುಂದಿನ ಸೋಮವಾರ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದರು. ಅವ್ವನ ಮೊಣಕಾಲಿಗೆ ಆಪರೇಶನ್ ಆಗಿತ್ತು. ಬಸ್ಸಿನ ಮೆಟ್ಟಿಲು ಆಕೆಗೆ ಆಗುವುದಿಲ್ಲ, ಒಮ್ಮೆ ಹತ್ತಲು ಹೋಗಿ ಬಿದ್ದಿದ್ದಳು. ಅದಕ್ಕೇ ಅಲ್ಲವೇ ನಾವು ಈ ಹಳೇ ಗಾಡಿ ತಂದದ್ದು. ಗಾಡಿಯಲ್ಲಿ ಕೂರಲಿಲ್ಲವೆಂದರೆ ಅವ್ವ ಉದಗೀರಕ್ಕೆ ಹೋಗುವುದಿಲ್ಲ. ತೊಟ್ಟಿಲ ಹತ್ತಿರ ತವರಿನ ತಾಯಿ ಇಲ್ಲದೆ ಅಕ್ಕ ಒಬ್ಬಳೇ ನಿಲ್ಲಬೇಕು.

ಅಪ್ಪನಿಗೆ ಇದು ನಗೆಯ ವಿಷಯವಾಯಿತು.

“ನನ್ನ ಬಂಡಿ ಛಲೋ ಇತ್ತಲ್ಲೋ. ಕೀಲು ಸಡಲಾದ್ರ ಎತ್ತಿಗಿ ಮೊದಲ ತಿಳೀತಿತ್ತು. ನಿನ್ನ ಗಾಡ್ಯಾಗ ತಿಳಿಯೋರು ಯಾರರ ಅದಾರೇನ?”

“ಅವ್ವ ಇದ್ದಳು,” ಅಂದೆ. “ಆಕಿ ಹೇಳಿದ್ಳು, ನಾ ಕೇಳಲಿಲ್ಲ.”

ಉಮರ್ಗಾಕ್ಕೆ ಹೋದೆ. ಅಲ್ಲಿ ಹೆದ್ದಾರಿ ಪಕ್ಕ ಲಾರಿ ನಟ್ಟು ಬೇಕಾದಷ್ಟು, ಟ್ರ್ಯಾಕ್ಟರ್ ನಟ್ಟು ಬೇಕಾದಷ್ಟು. ನಮ್ಮ ಗಾಡಿಯದು ಇಲ್ಲ. ಗಾಡಿಯ ಹಿಂದಿನ ಮಾಲೀಕ ಕಂಪನಿಯ ಕಬ್ಬಿಣದ ಗಾಲಿ ತೆಗೆದು, ಎಲ್ಲಿಂದಲೋ ತಂದ ಹೊಳೆಯುವ ಬೆಳ್ಳಿ ಬಣ್ಣದ ಅಲಾಯ್ ಗಾಲಿ ಹಾಕಿಸಿದ್ದ. ಒಂದು ಅಂಗಡಿಯವನು ನನ್ನ ಹಳೇ ನಟ್ಟನ್ನು ತನ್ನ ಬೋಲ್ಟಿಗೆ ಹಾಕಿ ತಿರುಗಿಸಿ ಅಳತೆ ಹೇಳಿದ. ಆಮೇಲೆ ನಿಲಂಗಾದಲ್ಲಿ ತನ್ನ ಪರಿಚಯದ ಅಂಗಡಿಗೆ ಫೋನು ಹಚ್ಚಿ ನನ್ನ ಕೈಯಲ್ಲಿ ಕೊಟ್ಟ.

ಆ ಕಡೆ ಇದ್ದ ಕಾಕಾ ಮರಾಠಿಯವನು. ನಮ್ಮ ಕಡೆ ಎಲ್ಲರೂ ಎರಡು ಭಾಷೆ ಕಲಸಿಕೊಂಡೇ ಮಾತಾಡುವುದು. ನಾನೂ ಹಾಗೇ ಶುರು ಮಾಡಿದೆ. ಗಾಲಿ ಸಡಿಲಾಗಿ ಅಲ್ಲಾಡುತ್ತದೆ ಎಂದು ಹೇಳಬೇಕಿತ್ತು. ಅದಕ್ಕೆ ನಾವು ಆಟ ಅನ್ನುತ್ತೇವೆ. ಗಾಲಿಗೆ ಆಟ ಇದೆ, ಸ್ಟೇರಿಂಗಿಗೆ ಆಟ ಇದೆ, ಬಾಗಿಲಿಗೆ ಆಟ ಇದೆ, ಹೀಗೆ.

“ಕಾಕಾ, ಮಾಗಚ್ಯಾ ಚಾಕಾಲಾ ಆಟ ಆಹೆ,” ಅಂದೆ. ಹಿಂದಿನ ಗಾಲಿಗೆ ಆಟ ಇದೆ ಅಂತ.

“ಆಟೆ? ಆಟೆ ಗೇಲೆ ಕಾ?” ಆಟೆ ಹೋಗಿವೆಯಾ ಅಂತ. ಆಟಕ್ಕೇ ಅವನು ಆಟೆ ಅನ್ನುತ್ತಾನೆ ಎಂದುಕೊಂಡೆ.

“ಹೋ, ಹೋ. ಲೈ ಆಟ.” ಹೌದು, ಬಹಳ ಆಟ.

“ಮಗ ನವೀನ್ ಚಾರ್ ಘೇ. ಪಾಠವತೋ.”

ಹಾಗಾದರೆ ಹೊಸದು ನಾಲ್ಕು ತಗೋ, ಕಳಿಸುತ್ತೇನೆ. ಬೇರೆ ಏನೂ ಕೇಳಲಿಲ್ಲ. ಸಂಜೆಯೊಳಗೆ ಬಸ್ಸಿನ ಡ್ರೈವರ್ ಕೈಯಲ್ಲಿ ಪೊಟ್ಟಣ ಬಂತು. ನಾಲ್ಕು ಹೊಸ ನಟ್ಟು, ಎಣ್ಣೆ ಹಚ್ಚಿದ್ದು. ನನಗೆ ಖುಷಿಯಾಯಿತು. ಕೆಲಸ ಅಂದರೆ ಹೀಗೆ ಆಗಬೇಕು, ಪಟಾಪಟ್.

ಮನೆಗೆ ತಂದು ಕಟ್ಟೆಯ ಮೇಲೆ ಇಟ್ಟು ಕೈ ತೊಳೆಯಲು ಹೋದೆ. ಬಂದು ನೋಡಿದರೆ ನಟ್ಟು ಇಲ್ಲ. ದೇವರ ಜಗುಲಿಯ ಮುಂದೆ ತಾಟಿನಲ್ಲಿ ಕೂತಿದ್ದವು. ನಮ್ಮ ಮನೆಗೆ ಹೊಸದು ಏನು ಬಂದರೂ ಮೊದಲು ಅಲ್ಲಿಗೆ ಹೋಗುತ್ತದೆ. ಅವ್ವ ನಟ್ಟಿನ ಎಣ್ಣೆ ಒರೆಸಿ, ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು ಬಳಿಯುತ್ತಿದ್ದಳು. ಮೂರು ಬೆರಳು ಹಿಡಿಯುವಷ್ಟು ಜಾಗ ಆ ನಟ್ಟಿನ ಮೇಲೆ ಎಲ್ಲಿದೆ? ಆಕೆ ಸುತ್ತಲೂ ಬಳಿದುಬಿಟ್ಟಿದ್ದಳು, ಮೇಲೆ, ಕೆಳಗೆ, ಎಲ್ಲ ಕಡೆ.

“ಅವ್ವಾ, ಅದೇನು ಲಿಂಗ ಅದೇನ? ನಟ್ ಅದ.”

“ನನ್ನ ಜೀವ ಅದರ ಮ್ಯಾಲ ಅದನೋ ಇಲ್ಲೋ? ಹಂಗಾರ ಬಾಯಿ ಮುಚ್ಚು.”

ಬಾಯಿ ಮುಚ್ಚಿದೆ. ಒಣಗಿದ ಮೇಲೆ ನಟ್ಟುಗಳು ಸುಣ್ಣ ಹೊಡೆದ ಗೋಡೆಯ ಹಾಗೆ ಬೆಳ್ಳಗಾದವು. ಒರೆಸಿದರೆ ಆಕೆಗೆ ಸಿಟ್ಟು ಬರುತ್ತದೆಂದು ಹಾಗೆಯೇ ಹಾಕಿದೆ. ಬೋಲ್ಟಿನ ಮೇಲೆ ಬೆಣ್ಣೆಯ ಹಾಗೆ ಸುತ್ತಿಕೊಂಡು ಹೋದವು. ಪಾನಾ ಹಾಕಿ ಬಿಗಿದೆ. ಗಾಡಿ ಇಳಿಸಿ ಮತ್ತೆ ಬಿಗಿದೆ. ಒಬ್ಬನೇ ಯೆಣೆಗೂರಿನವರೆಗೆ ಹೋಗಿ ಬಂದೆ.

ಅವ್ವ ಬಾಗಿಲಲ್ಲೇ ನಿಂತಿದ್ದಳು. “ಏನಾತು?”

ಗಾಲಿ ಹಿಡಿದು ಅಲ್ಲಾಡಿಸಿದೆ. ಸ್ವಲ್ಪ. ಬಹಳ ಅಲ್ಲ, ಸ್ವಲ್ಪ. ಆದರೆ ಇತ್ತು. ಆಟ ಇತ್ತು.

ಆಕೆ ಒಳಗೆ ಹೋದಳು.

ಸಿಟ್ಟಿನಿಂದ ಜ್ಯಾಕ್ ಹಚ್ಚಿ ಒಂದು ನಟ್ಟು ಬಿಚ್ಚಿದೆ. ಅಂಗೈಯಲ್ಲಿ ಹಿಡಿದು ನೋಡಿದೆ.

ನಟ್ಟಿನ ಒಂದು ತುದಿ ಗಾಲಿಯ ತೂತಿನೊಳಗೆ ಹೋಗಿ ಕೂರುತ್ತದೆ. ಆ ಭಾಗದ ವಿಭೂತಿ ಪೂರ್ತಿ ಅಳಿಸಿಹೋಗಿರಬೇಕಿತ್ತು. ನಾನು ಮೈಯೆಲ್ಲಾ ಬಲ ಹಾಕಿ ಬಿಗಿದಿದ್ದೆ. ಆದರೆ ವಿಭೂತಿ ಹಾಗೇ ಇತ್ತು. ಬೆಳ್ಳಗೆ, ಅವ್ವ ಬಳಿದ ಬೆರಳಿನ ಗೆರೆ ಸಹಿತ. ಒಂದೇ ಒಂದು ಕಡೆ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಸುತ್ತು ಹೊಡೆದಿತ್ತು. ಉಳಿದ ಮೂರನ್ನೂ ಬಿಚ್ಚಿದೆ. ಅವೂ ಹಾಗೇ. ಗಾಲಿಯನ್ನು ನಟ್ಟು ಮುಟ್ಟಿದ್ದು ಆ ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ. ಗಾಡಿಯ ಭಾರವೆಲ್ಲ, ನನ್ನ ಭಾರವೆಲ್ಲ, ಆ ಗೆರೆಯ ಮೇಲೆ ಯೆಣೆಗೂರಿಗೆ ಹೋಗಿ ಬಂದಿತ್ತು.

ಹಳೇ ನಟ್ಟು ತಂದು ಮಣ್ಣು ತಿಕ್ಕಿ ಪಕ್ಕಕ್ಕೆ ಇಟ್ಟೆ. ಆಗ ಕಂಡಿತು. ಹೊಸದರ ತುದಿ ಬುಗುರಿಯ ಹಾಗೆ, ನೇರವಾಗಿ ಇಳಿಜಾರು. ಹಳೆಯದರ ತುದಿ ಲಿಂಬೆಹಣ್ಣಿನ ಹಾಗೆ, ಉಬ್ಬಿ ದುಂಡಗೆ. ಗಾಲಿಯ ತೂತಿಗೆ ಬೆರಳು ಹಾಕಿ ಸವರಿದೆ. ಒಳಗೆ ಬಟ್ಟಲಿನ ಹಾಗೆ ತಗ್ಗಿತ್ತು. ಬಟ್ಟಲಲ್ಲಿ ಲಿಂಬೆಹಣ್ಣು ಕೂರುತ್ತದೆ. ಬುಗುರಿ ಎಲ್ಲಿ ಕೂರಬೇಕು? ಅಂಚಿಗೆ ತಾಗಿ ನಿಲ್ಲುತ್ತದೆ, ಅಷ್ಟೇ.

ಎಷ್ಟು ಸಲ ಗಾಲಿ ಬಿಚ್ಚಿದ್ದೇನೆ, ಎಷ್ಟು ಸಲ ಹಾಕಿದ್ದೇನೆ. ಬೋಲ್ಟಿಗೆ ಸರಿಯಾಗಿ ಸುತ್ತಿತೆಂದರೆ ನಟ್ಟು ಸರಿ ಎಂದು ತಿಳಿದಿದ್ದೆ. ಸುತ್ತುವುದು ಬೇರೆ, ಕೂರುವುದು ಬೇರೆ. ನಟ್ಟು ತನ್ನ ಜಾಗದಲ್ಲಿ ಪೂರ್ತಿ ಕೂತು ಗಾಲಿಯನ್ನು ಒತ್ತಿ ಹಿಡಿಯುತ್ತದೆ. ಗಾಲಿಯನ್ನು ಹಿಡಿದಿಡುವುದು ಆ ಒತ್ತುವಿಕೆಯೇ. ಗಾಲಿ ಬೋಲ್ಟಿಗೆ ಜೋತು ಬಿದ್ದಿಲ್ಲ. ನಾಲ್ಕು ಪುಟ್ಟ ಬಟ್ಟಲಲ್ಲಿ ನಾಲ್ಕು ಪುಟ್ಟ ಹೊಟ್ಟೆಗಳು ಕೂತಿವೆ, ಮನುಷ್ಯರು ಅದನ್ನು ನಂಬಿ ಉದಗೀರಕ್ಕೆ ಹೋಗುತ್ತಾರೆ. ಇದನ್ನು ಯಾರೋ ಯೋಚಿಸಿ ಮಾಡಿದ್ದಾರೆ.

ಮರುದಿನ ಬೆಳಿಗ್ಗೆ ಗಾಡಿಯನ್ನು ಕಲ್ಲಿನ ಮೇಲೆ ನಿಲ್ಲಿಸಿ ಗಾಲಿಯನ್ನೇ ಬಿಚ್ಚಿಕೊಂಡು ಹೊರಟೆ. ಫೋನಿನಲ್ಲಿ ಹೇಳಿ, ಬಾಯಲ್ಲಿ ಹೇಳಿ ಇದು ಆಗುವುದಿಲ್ಲ. ಹೊಸ ನಟ್ಟು ಕೂರಬೇಕಾದ ಜಾಗವೇ ಅಂಗಡಿಗೆ ಬರಬೇಕು. ಜೇಬಿನಲ್ಲಿ ಒಂದು ವಿಭೂತಿ ಗಟ್ಟಿ ಹಾಕಿಕೊಂಡೆ. ಅವ್ವ ಕೊಟ್ಟಳು. ಯಾಕೆ ಅಂತ ಕೇಳಲಿಲ್ಲ, ನನಗೆ ಭಕ್ತಿ ಬಂತೆಂದು ತಿಳಿದಿರಬೇಕು.

ಯೆಣೆಗೂರಿನಲ್ಲಿ ಬಸ್ಸು ಕಾಯುವಾಗ ಎದುರಿನ ಢಾಬಾದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಹೈದರಾಬಾದಿಗೆ ಹೋಗುವವು, ಸೊಲ್ಲಾಪುರಕ್ಕೆ ಹೋಗುವವು. ದಿನಾ ನೋಡುವ ಲಾರಿಗಳೇ. ಅವತ್ತು ನನ್ನ ಕಣ್ಣು ಗಾಲಿ ಬಿಟ್ಟು ಮೇಲೆ ಹೋಗಲಿಲ್ಲ. ಒಂದೊಂದು ಗಾಲಿಗೆ ಸುತ್ತಲೂ ನಟ್ಟಿನ ಹಾರ. ರಸ್ತೆಯ ಮೇಲೆ ಓಡುವ ಸಿಮೆಂಟು, ಈರುಳ್ಳಿ, ನಿದ್ದೆ ಮಾಡುವ ಮಂದಿ, ಎಲ್ಲ ಆ ಪುಟ್ಟ ಕಬ್ಬಿಣದ ಮುಷ್ಟಿಗಳ ಮೇಲೆ. ಬಸ್ಸು ಬಂದು ಹಾರ್ನ್ ಹೊಡೆದ ಮೇಲೆಯೇ ಎಚ್ಚರಾಯಿತು.

ಕಂಡಕ್ಟರ್ ಗಾಲಿ ನೋಡಿ ಬಾಗಿಲಿಗೆ ಅಡ್ಡ ನಿಂತ.

“ಇದ್ಯಾರು? ನಿಮ್ಮ ಪಾವಣೇರೇನ?” ಅಂದ. ಪಾವಣೆ ಅಂದರೆ ಬೀಗರು.

“ಹೌದ್ರೀ. ಉದಗೀರದಾಗ ತೊಟ್ಟಲ ಅದ, ಹೊಂಟಾರ.”

“ನಿಂದ್ರತಾರೋ ಕುಂಡ್ರತಾರೋ?”

“ಅದೇ ಗೊತ್ತಾಗ್ವಲ್ದು. ಕುಂಡ್ರಸ್ಲಿಕ್ಕೇ ಒಯ್ಲಕತ್ತೀನಿ.”

ಅವನಿಗೆ ಅರ್ಥವಾಗಲಿಲ್ಲ, ಆದರೆ ನಕ್ಕ. ಹಿಂದಿನ ಸೀಟಿನ ಕೆಳಗೆ ಉರುಳಿಸು ಅಂದ.

ನಿಲಂಗಾದಲ್ಲಿ ಇಳಿದು ಬಜಾರಿನ ನಡುವೆ ಗಾಲಿ ಉರುಳಿಸಿಕೊಂಡು ಕಾಕಾನ ಅಂಗಡಿಗೆ ಹೋದೆ. ದಪ್ಪ ಮೀಸೆಯ ಮನುಷ್ಯ, ಚಹಾ ಕುಡಿಯುತ್ತಿದ್ದ. ಬುಗುರಿ ನಟ್ಟು ನಾಲ್ಕೂ ಮೇಜಿನ ಮೇಲೆ ಇಟ್ಟೆ.

“ಕಾಕಾ, ನಿಮ್ಮ ನಟ್ ಹಾಕಿದ ಮ್ಯಾಲೂ ಆಟ ಅದ.”

“ಆಟೆ ಬರಾಬರ್ ಆಹೇತ!” ಅಂದ. ಒಂದು ಬೋಲ್ಟಿಗೆ ಹಾಕಿ ತಿರುಗಿಸಿ ತೋರಿಸಿದ. “ಹೇ ಬಘ. ಒಂದು ಆಟೆನೂ ಹೋಗಿಲ್ಲ.” ಬೋಲ್ಟಿನ ಸುರುಳಿ ಗೆರೆಗಳ ಮೇಲೆ ಉಗುರು ಎಳೆದ.

ನಾನು ಅವನ ಉಗುರು ನೋಡಿದೆ. ಆಮೇಲೆ ಅವನ ಮುಖ ನೋಡಿದೆ.

“ಕಾಕಾ, ನೀವು ಆಟೆ ಅಂತೀರಲ್ಲ, ಅದು ಈ ಸುರುಳೀಗೇನ?”

“ಮತ್ತ? ಇನ್ನ್ಯಾವುದಕ್ಕ?”

“ನಾ ಆಟ ಅಂದದ್ದು ಇದಕ್ಕ.” ಎರಡೂ ಕೈಯಿಂದ ಗಾಲಿ ಹಿಡಿದು ಅವನ ಮುಂದೆ ಗಡಗಡ ಅಲ್ಲಾಡಿಸಿದೆ.

ಕಾಕಾ ಚಹಾ ಕೆಳಗಿಟ್ಟ. ಹೊಟ್ಟೆ ಹಿಡಿದು ನಕ್ಕ. ಪಕ್ಕದ ಅಂಗಡಿಯವರನ್ನೆಲ್ಲ ಕರೆದು ಹೇಳಿದ, ಈ ಕಾನಡಿ ಹುಡುಗ ಗಾಲಿ ಕುಣಿಯುತ್ತದೆ ಅಂದರೆ ನಾನು ಸುರುಳಿ ಸವೆದಿದೆ ಅಂತ ಕೇಳಿಸಿಕೊಂಡೆ ಎಂದು. ಅವರೂ ನಕ್ಕರು. ಒಬ್ಬ ನನಗೆ, “ತುಮಚಾ ಆಟ, ಆಮಚಾ ಆಟಾ,” ಅಂದ. ನಿಮ್ಮದು ಆಟ, ನಮ್ಮದು ಆಟಾ; ಒಂದೇ ಸುರುಳಿಗೆ ಆಟಾ, ಹೆಚ್ಚಿದ್ದರೆ ಆಟೆ. ನಾನೂ ನಕ್ಕೆ. ಹುಟ್ಟಿದಾಗಿನಿಂದ ಎರಡೂ ಭಾಷೆ ಆಡುತ್ತ ಬಂದಿದ್ದೇನೆ. ಆ ಎರಡು ಶಬ್ದಗಳ ನಡುವೆ ಒಂದು ಗಾಲಿ ಬಿದ್ದುಹೋಗುವಷ್ಟು ಸಂದಿ ಇದೆ ಎಂದು ಗೊತ್ತಿರಲಿಲ್ಲ.

ನಗು ಮುಗಿದ ಮೇಲೆ ಕಾಕಾ ಗಾಲಿಯ ತೂತಿಗೆ ತಾನೇ ಬೆರಳು ಹಾಕಿದ. ಮುಖ ಗಂಭೀರವಾಯಿತು.

“ಗೋಲ್ ಅದ. ಅರೇ ದೇವಾ. ಇದರಾಗ ನನ್ನ ನಟ್ ಹಾಕಿ ಯಾರ್ನರ ಕುಂಡ್ರಸಿದ್ಯೇನ?”

“ನಾ ಒಬ್ನೇ ಕುಂತಿದ್ದೆ.”

“ಛಲೋ ಆತು.” ನಾಲ್ಕೂ ನಟ್ಟು ವಾಪಸ್ ಡಬ್ಬಿಗೆ ಹಾಕಿದ. ಅವನ ಹತ್ತಿರ ಆ ಅಳತೆಯಲ್ಲಿ ದುಂಡು ತುದಿಯದು ಇರಲಿಲ್ಲ. ಹಳೇ ಸಾಮಾನು ಮಾರುವ ಉದಗೀರದ ಜೂನಾ ಬಜಾರಿಗೆ ಹೋಗು, ಅಲ್ಲಿ ಇಂಥ ಗಾಲಿ ಬಿಚ್ಚಿದ ಗಾಡಿಗಳು ಬರುತ್ತವೆ ಅಂದ. ಚಹಾ ಕುಡಿಸಿಯೇ ಕಳಿಸಿದ.

ವಲಾಂಡಿ, ದೇವಣಿ ದಾಟಿ ಉದಗೀರಕ್ಕೆ ಹೋಗುವಾಗ ಮಧ್ಯಾಹ್ನವಾಗಿತ್ತು. ಜೂನಾ ಬಜಾರಿನ ಅಂಗಡಿಯವನು ನನಗಿಂತ ಸ್ವಲ್ಪ ದೊಡ್ಡವನು, ಕನ್ನಡದವನೇ. ಒಂದು ಬುಟ್ಟಿ ನಟ್ಟು ನನ್ನ ಮುಂದೆ ಸುರಿದ.

“ಆರ್ಸ್ಕೋ. ನನಗ ಟೈಮ್ ಇಲ್ಲ.”

ಗೋಧಿಯಲ್ಲಿ ಕಲ್ಲು ಆರಿಸುವ ಹಾಗೆ ಆರಿಸಿದೆ. ಬುಗುರಿ ತುದಿಯವು ಈ ಕಡೆ. ಚಪ್ಪಟೆ ಮುಖದವು ಆ ಕಡೆ. ದುಂಡಗಿನವು ಮುಂದೆ. ದುಂಡಗಿನವುಗಳಲ್ಲಿ ಅಂಗಡಿಯಲ್ಲಿದ್ದ ನಮ್ಮ ಅಳತೆಯ ಬೋಲ್ಟಿಗೆ ಸುತ್ತುವವು ಬೇರೆ, ಸುತ್ತದವು ಬೇರೆ. ಆಟೆ ನೋಡುವುದನ್ನೂ ಬಿಡಲಿಲ್ಲ, ಕಾಕಾನ ಮಾತೂ ಸುಳ್ಳಲ್ಲ. ಎರಡೂ ಸರಿ ಇರಬೇಕು. ಕೊನೆಗೆ ಉಳಿದವು ಕೆಲವೇ. ಅವೂ ನೋಡಲಿಕ್ಕೆ ಒಂದೇ ತರ. ಆದರೆ ಲಿಂಬೆಹಣ್ಣಿನಲ್ಲೂ ದೊಡ್ಡದು ಚಿಕ್ಕದು ಇರುತ್ತದಲ್ಲ. ಕಣ್ಣಿಗೆ ತಿಳಿಯುವುದಿಲ್ಲ.

ಜೇಬಿನಿಂದ ವಿಭೂತಿ ತೆಗೆದು, ಚಹಾದ ಗ್ಲಾಸಿನಲ್ಲಿ ನೀರು ಕೇಳಿ, ನಟ್ಟುಗಳ ತುದಿಗೆ ಬಳಿದು ಬಿಸಿಲಿಗೆ ಇಟ್ಟೆ.

“ಏ, ಏನ್ ಮಾಡ್ಲಕತ್ತೀಯೋ?” ಅಂಗಡಿಯವನು ಎದ್ದು ಬಂದ. “ನಟ್ಟಿಗಿ ದೀಕ್ಷಾ ಕೊಡ್ಲಕತ್ತೀಯೇನ?”

“ಜರಾ ನಿಂದ್ರು.”

ಒಣಗಿದ ಒಂದನ್ನು ಗಾಲಿಯ ತೂತಿಗೆ ಇಟ್ಟು ಅಂಗೈಯಿಂದ ಒತ್ತಿ ತಿರುಗಿಸಿದೆ. ತೆಗೆದೆ. ತುದಿಯಲ್ಲಿ ಮಾತ್ರ ಅಳಿಸಿತ್ತು. ಅದು ಚಿಕ್ಕದು. ಇನ್ನೊಂದು. ಅಂಚಿನಲ್ಲಿ ಮಾತ್ರ. ಅದು ದೊಡ್ಡದು. ಮತ್ತೊಂದು ಇಟ್ಟೆ. ಇಟ್ಟಾಗಲೇ ಕೈಗೆ ಬೇರೆ ಅನಿಸಿತು. ಅಲ್ಲಾಡಲಿಲ್ಲ, ಜಾರಲಿಲ್ಲ, ಸದ್ದಿಲ್ಲದೆ ಹೋಗಿ ಕೂತಿತು. ಒತ್ತಿ ತಿರುಗಿಸಿ ತೆಗೆದೆ.

ವಿಭೂತಿ ಸುತ್ತಲೂ ಅಳಿಸಿತ್ತು. ಅಗಲವಾದ, ಒಂದೇ ಸಮನಾದ, ಎಲ್ಲೂ ಕಡಿಯದ ಒಂದು ಕಪ್ಪು ಬಳೆ. ಹುಣ್ಣಿಮೆ ಚಂದ್ರನ ಸುತ್ತ ಬೆಳಕಿನ ಚಕ್ರ ಕಟ್ಟುತ್ತದಲ್ಲ, ಹಾಗೆ. ನಾನು ಅದನ್ನು ಸೂರ್ಯನಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಅಂಗಡಿಯವನಿಗೆ ಟೈಮ್ ಇರಲಿಲ್ಲವಲ್ಲ, ಅವನೂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ.

“ಯಪ್ಪಾ,” ಅಂದ. “ಹಿಂಗ ಕುಂಡ್ರತದಾ ಇದು?”

“ಹಿಂಗ ಕುಂಡ್ರತದ.”

“ಇನ್ನೊಂದು ಮಾಡು. ನೋಡಾಮ್.”

ಅದೇ ಜಾತಿಯ ನಾಲ್ಕು ಸಿಗುವವರೆಗೆ ಇಬ್ಬರೂ ಕೂತು ಬಳಿದೆವು, ಒತ್ತಿದೆವು, ತೆಗೆದೆವು. ಅವನ ಕೈ ಕೂಡ ಬೆಳ್ಳಗಾಯಿತು.

ಅಕ್ಕನ ಮನೆಗೆ ಗಾಲಿ ಉರುಳಿಸಿಕೊಂಡೇ ಹೋದೆ. ಆಕೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಗಾಲಿ ನೋಡಿದಳು, ನನ್ನನ್ನು ನೋಡಿದಳು.

“ಅವ್ವ ಬರ್ತಾಳೋ ಇಲ್ಲೋ, ಅದಷ್ಟ ಹೇಳು.”

“ನಟ್ ಸಿಕ್ಕಾವ.”

“ನಾ ನಟ್ ಕೇಳಿಲ್ಲ.”

ನಟ್ಟು ಸಿಕ್ಕಿದರೆ ಆಯಿತೇ? ಅವ್ವ ಕೂರಬೇಕಲ್ಲ. ಕೂಸಿನ ಮುಷ್ಟಿ ಬಿಡಿಸಿ ನೋಡಿದೆ. ನನ್ನ ಬೆರಳು ಸಿಕ್ಕಿದ ಕೂಡಲೇ ಬಿಗಿಯಾಗಿ ಹಿಡಿದುಕೊಂಡಿತು. ಬಿಡಿಸಿಕೊಂಡು ಬಸ್ಸಿಗೆ ಹೊರಟೆ.

ಸೋಮವಾರ ಬೆಳಿಗ್ಗೆ ಗಾಲಿ ಹಾಕಿದ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿದೆ. ಕೂಸಿನ ಕುಂಚಿಗೆ, ಬಟ್ಟೆ, ಬೆಲ್ಲ, ಎಲ್ಲ ಒಂದು ಚೀಲದಲ್ಲಿ ಕಟ್ಟಿ ಅವ್ವ ಹೊಸ್ತಿಲ ಮೇಲೆ ಇಟ್ಟಿದ್ದಳು. ಚೀಲವನ್ನು ನಾನೊಬ್ಬನೇ ಒಯ್ಯಲಿ ಎಂಬ ಹಾಗಿತ್ತು. ಆಕೆ ಮನೆಯ ಸೀರೆಯಲ್ಲೇ ಇದ್ದಳು.

“ನೀ ಹೋಗಿ ಬಾ. ಕೂಸಿನ ಫೋಟೋ ತಗೊಂಡು ಬಾ.”

ನನಗೆ ಬೇಡಿಕೊಳ್ಳಲಿಕ್ಕೆ ಬರುವುದಿಲ್ಲ. ಜ್ಯಾಕ್ ಹಚ್ಚಿದೆ. ಒಂದು ಕುರ್ಚಿ ತಂದು ಗಾಲಿಯ ಎದುರಿಗೆ ಇಟ್ಟೆ.

“ಕುಂಡ್ರು. ಗಾಡ್ಯಾಗ ಅಲ್ಲ, ಇಲ್ಲಿ.”

ಕೂತಳು. ತೋರಿಸಲು ಆ ಬುಗುರಿ ನಟ್ಟು ಈಗ ನನ್ನ ಹತ್ತಿರ ಇರಲಿಲ್ಲ, ಕಾಕಾನ ಡಬ್ಬಿಗೆ ಹೋಗಿತ್ತು. ಹಾಗಾಗಿ ಬಾಯಲ್ಲೇ ಹೇಳಿದೆ. ಆವತ್ತು ನೀನು ಬಳಿದ ವಿಭೂತಿ ಅಳಿಸಿರಲಿಲ್ಲ, ನಟ್ಟು ಕೂತಿಲ್ಲವೆಂದು ಅದರಿಂದಲೇ ನನಗೆ ಗೊತ್ತಾಯಿತು ಅಂದೆ. ಹೊಸ ನಾಲ್ಕನ್ನು ಬಿಚ್ಚಿ ಆಕೆಯ ಕೈಯಿಂದಲೇ ವಿಭೂತಿ ಬಳಿಸಿದೆ. ಒಣಗಿದ ಮೇಲೆ ಹಾಕಿ ಬಿಗಿದೆ. ಬಿಚ್ಚಿದೆ. ನಾಲ್ಕನ್ನೂ ಆಕೆಯ ಅಂಗೈಯಲ್ಲಿ ಇಟ್ಟೆ.

ನಾಲ್ಕು ಕಪ್ಪು ಬಳೆಗಳು.

ಅವ್ವ ಬೆರಳ ತುದಿಯಿಂದ ಒಂದರ ಸುತ್ತ ಸವರಿದಳು.

“ಪೂರಾ ಕುಂತದ,” ಅಂದಳು.

“ಪೂರಾ. ಈಗ ಇದನ್ನ ಒರಸಬೇಕು. ವಿಭೂತಿ ಮ್ಯಾಲ ಬಿಗಿದ್ರ ಗಾಲಿಗಿ ನಟ್ ಕೂಡಂಗಿಲ್ಲ.”

ಆಕೆ ನನ್ನ ಕಡೆ ನೋಡಿದಳು. ಇದು ಬೈಗುಳಕ್ಕೆ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಸೆರಗಿನಿಂದ ನಾಲ್ಕನ್ನೂ ತಾನೇ ಒರೆಸಿದಳು. ಬೆರಳಿಗೆ ಹತ್ತಿದ ವಿಭೂತಿಯನ್ನು ಹಣೆಗೆ ಹಚ್ಚಿಕೊಂಡಳು. “ನೀ ಬಿಗಿ. ನಾ ಸೀರಿ ಬದಲಿಸ್ತೀನಿ.”

ಹಿಂದಿನ ಸೀಟಿನ ಎಡಕ್ಕೇ ಕೂತಳು, ಆ ಗಾಲಿಯ ಮೇಲೆಯೇ. ಮುಂದೆ ಬಾ ಅಂದರೂ ಬರಲಿಲ್ಲ. ಉಮರ್ಗಾ ಹೋಯಿತು, ನಿಲಂಗಾ ಹೋಯಿತು. ಚೀಲವನ್ನು ತೊಡೆಯ ಮೇಲೆ ಹಿಡಿದು, ತಲೆ ಒಂದು ಕಡೆ ವಾಲಿಸಿ, ಕಿವಿಯನ್ನು ಕೆಳಗಿಟ್ಟೇ ಕೂತಿದ್ದಳು.

ಹೊಸ ನಟ್ಟು ಹಾಕಿದರೆ ಸ್ವಲ್ಪ ದೂರ ಓಡಿಸಿ ಮತ್ತೊಮ್ಮೆ ಬಿಗಿ ನೋಡಬೇಕು. ವಲಾಂಡಿಯಲ್ಲಿ ಬೇವಿನ ಮರದ ಕೆಳಗೆ ನಿಲ್ಲಿಸಿದೆ. ಪಾನಾ ಹಾಕಿದೆ. ಒಂದೂ ಸರಿಯಲಿಲ್ಲ. ಎದ್ದು ನೋಡಿದರೆ ಅವ್ವ ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು, ಇಳಿದು ನಿಂತಿದ್ದಳು.

“ಸರಿ,” ಅಂದಳು.

ನಾನು ಸರಿದೆ. ಬಗ್ಗಿ ಎರಡೂ ಕೈಯಿಂದ ಗಾಲಿ ಹಿಡಿದಳು. ಇದ್ದ ಬಲವನ್ನೆಲ್ಲ ಹಾಕಿ ಅಲ್ಲಾಡಿಸಿದಳು. ಬಳೆ ಗಲಗಲ ಅಂದವು. ಗಾಲಿ ಟಕ್ ಅನ್ನಲಿಲ್ಲ.

“ಆಟ ಇಲ್ಲ,” ಅಂದಳು. ಕೈ ಝಾಡಿಸಿ ಮತ್ತೆ ತನ್ನ ಜಾಗಕ್ಕೆ ಹೋಗಿ ಕೂತಳು. “ನಡಿ ಲಗೂ. ಕೂಸು ಕಾಯ್ಲಕತ್ತದ.”